ರಿಪೋರ್ಟ್ ನಾರ್ಮಲ್ ಅಂತೆ, ಬಸುರಿ ಮಾತ್ರ ಅಲೀಬೇಕಂತೆ!

ಹೋದ ಭಾನುವಾರ ವಿದ್ಯಾರಣ್ಯಪುರದಲ್ಲಿ ನೆಂಟರ ಮನೆ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರು ಹೋಳಿಗೆಗೆ ತುಪ್ಪ ಹಾಕಿಸ್ಕೊಳ್ತಾ ಕೇಳಿದ್ರು: "ನಿನ್ ತಂಗಿಗೆ ಕಿಡ್ನಿ ತೊಂದ್ರೆ ಅಂತಲ್ಲಪ್ಪ? ಗೊತ್ತಿದ್ದೂ ಮಗು ಯಾಕೆ ಮಾಡ್ಕೊಂಡ್ಳು?"

ನಾನು ಏನೂ ಹೇಳ್ಲಿಲ್ಲ. ಹಿರಿಯರು, ಊಟದ ಹೊತ್ತು, ಶುಭಕಾರ್ಯ ಬೇರೆ. ಮನೆಗೆ ಬಂದ ಮೇಲೆ ಸಿಟ್ಟು ಬಂತು. ಅವರ ಮೇಲಲ್ಲ. ಇದೇ ಪ್ರಶ್ನೆನ ಬಿಳಿ ಕೋಟು ಹಾಕ್ಕೊಂಡವರೂ ನನ್ನ ತಂಗಿಗೆ ಕೇಳಿದ್ದಾರೆ, ಅದೂ ಹತ್ತು ಜನರ ಎದುರಿಗೆ. ಅವತ್ತೂ ಬಾಯಿ ಮುಚ್ಕೊಂಡಿದ್ದೆ. ಇವತ್ತು ಬರೀತಾ ಇದ್ದೀನಿ.

ಉತ್ತರ ಬಹಳ ಸುಲಭ. ಗೊತ್ತಿರ್ಲಿಲ್ಲ ಸ್ವಾಮಿ! ಯಾರೂ ಹೇಳಿರ್ಲಿಲ್ಲ. ಹೇಳಬೇಕಾದವರ ಕೈಯಲ್ಲಿ ಮೂರು ಸಲ ಕಾಗದ ಇತ್ತು, ಮೂರು ಸಲವೂ ಹೇಳ್ಲಿಲ್ಲ.

ಮೊದಲನೇ ಸಲ. ತಂಗಿಗೆ ಆಗ 26 ವರ್ಷ, ಮದುವೆ ಆಗಿ ಆರು ತಿಂಗಳು. ತಲೆನೋವು ಅಂತ ಯಲಹಂಕದ ಓಣಿ ಕ್ಲಿನಿಕ್ಕಿಗೆ ಹೋದ್ಲು. ಬಿಪಿ ಜಾಸ್ತಿ ಇದೆ ಅಂತ ಟೆಲ್ಮಿಸಾರ್ಟನ್ ಮಾತ್ರೆ ಬರೆದುಕೊಟ್ರು. 26 ವರ್ಷದ ಹುಡುಗಿಗೆ ಬಿಪಿ ಯಾಕೆ ಬಂತು ಅಂತ ಯಾರೂ ಕೇಳ್ಲಿಲ್ಲ, ನಾವೂ ಕೇಳ್ಲಿಲ್ಲ. "ಟೆನ್ಷನ್ ಮಾಡ್ಕೋತಾಳೆ" ಅಂತ ಅಮ್ಮ ಅಂದ್ರು, ಎಲ್ಲರೂ ಹೂಂ ಅಂದ್ವಿ. ಅಷ್ಟು ಚಿಕ್ಕ ವಯಸ್ಸಲ್ಲಿ ಬಿಪಿ ಬಂದ್ರೆ ಮೊದಲು ನೋಡಬೇಕಾದ ಜಾಗಗಳಲ್ಲಿ ಕಿಡ್ನಿ ಒಂದು ಅಂತ ನನಗೆ ಗೊತ್ತಾಗಿದ್ದು ಎರಡು ವರ್ಷ ಕಳೆದ ಮೇಲೆ.

ಎರಡನೇ ಸಲ. ಬಸುರಿ ಅಂತ ಗೊತ್ತಾಗಿ ಒಂಬತ್ತನೇ ವಾರದಲ್ಲಿ ನಮ್ಮ ಕಡೆಯ ಒಂದು ಸರ್ಕಾರಿ ಹೆರಿಗೆ ಆಸ್ಪತ್ರೆಗೆ ಹೋದ್ಲು. ತಾಯಿ ಕಾರ್ಡ್ ಮಾಡಿಸಿದ್ರು. ಅಲ್ಲಿನ ಒಬ್ಬ ಸಿಸ್ಟರ್ ಮಾತ್ರೆ ಪಟ್ಟಿ ಈಸ್ಕೊಂಡು ನೋಡಿ, "ಅಯ್ಯೋ, ಇದನ್ನ ಬಸುರಿಯರು ತಗೋಬಾರ್ದು ಕಣಮ್ಮ" ಅಂತ ಓಡಿಹೋಗಿ ಡಾಕ್ಟ್ರಿಗೆ ಹೇಳಿ, ಬೇರೆ ಮಾತ್ರೆ ಬರೆಸಿಕೊಟ್ರು. ಆಯಮ್ಮನಿಗೆ ಇವತ್ತಿಗೂ ಮನಸ್ಸಲ್ಲೇ ಕೈ ಮುಗೀತೀನಿ. ಆದ್ರೆ ಅದೇ ದಿನ ಮೂತ್ರದ ಟೆಸ್ಟಿನಲ್ಲಿ ಆಲ್ಬುಮಿನ್ ಮುಂದೆ ಎರಡು ಪ್ಲಸ್ ಬಂದಿತ್ತು. ಅದಕ್ಕೆ ಸಿಕ್ಕ ಉತ್ತರ: "ಇನ್ಫೆಕ್ಷನ್ ಇರಬಹುದು, ನೀರು ಜಾಸ್ತಿ ಕುಡೀರಿ."

ಬಸುರಿಯರಲ್ಲಿ ಆಲ್ಬುಮಿನ್ ಹೋಗೋದು, ಬಿಪಿ ಏರೋದು ಎರಡೂ ಕಂಡ್ರೆ ಪ್ರೀಎಕ್ಲಾಂಪ್ಸಿಯಾ ಅಂತ ಎಲ್ಲರಿಗೂ ಹೊಳೆಯುತ್ತೆ. ಸರಿ. ಆದ್ರೆ ಅದು ಸಾಮಾನ್ಯವಾಗಿ ಬರೋದು 20 ವಾರ ಕಳೆದ ಮೇಲೆ. ಒಂಬತ್ತನೇ ವಾರದಲ್ಲೇ ಆಲ್ಬುಮಿನ್ ಇದೆ, ಬಿಪಿಯೂ ಇದೆ ಅಂದ್ರೆ ಕಾಯಿಲೆ ಬಸಿರಿಗಿಂತ ಮೊದಲೇ ಬಂದು ಕೂತಿರಬಹುದು ಅಂತ ಅನುಮಾನ ಬರಬೇಕು ತಾನೆ?

ಮೂರನೇ ಸಲ. ನಾಲ್ಕನೇ ತಿಂಗಳಲ್ಲಿ ಕಾಲು ಊದಿಕೊಳ್ತು. ನಾವೇ ಹೊರಗಿನ ಲ್ಯಾಬಿನಲ್ಲಿ 180 ರೂಪಾಯಿ ಕೊಟ್ಟು ಕ್ರಿಯಾಟಿನಿನ್ ಮಾಡಿಸಿದ್ವಿ. 1.1 ಬಂತು. ಪಕ್ಕದಲ್ಲಿ ಅಚ್ಚಾಗಿತ್ತು: 0.6ರಿಂದ 1.2. ಅಂದ್ರೆ ನಾರ್ಮಲ್! ಆ ರಿಪೋರ್ಟ್ ನೋಡಿದವರೆಲ್ಲ "ಏನೂ ಇಲ್ಲ ಹೋಗಿ" ಅಂದ್ರು. ನಾವು ಖುಷಿಯಾಗಿ ಬರ್ತಾ ದಾರಿಯಲ್ಲಿ ಬಾದಾಮಿ ಹಾಲು ಕುಡಿದ್ವಿ. ಅದು ನೆನಪಾದ್ರೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತೆ.

ಈ ನಾರ್ಮಲ್ ಅನ್ನೋ ಪದದ ಮೋಸ ಸ್ವಲ್ಪ ಬಿಡಿಸಿ ಹೇಳ್ತೀನಿ, ದಯವಿಟ್ಟು ಓದಿ. ಬಸಿರಾದಾಗ ಹೆಂಗಸಿನ ಕಿಡ್ನಿ ಸುಮ್ಮನೆ ಕೂರಲ್ಲ. ರಕ್ತ ಸೋಸೋ ಕೆಲಸ ಒಂದೂವರೆ ಪಟ್ಟು ಆಗುತ್ತೆ. ಸೋಸೋದು ಜಾಸ್ತಿಯಾದಾಗ ರಕ್ತದಲ್ಲಿರೋ ಕ್ರಿಯಾಟಿನಿನ್ ಕಡಿಮೆ ಆಗುತ್ತೆ. ಹಾಗಾಗಿ ಆರೋಗ್ಯವಂತ ಗರ್ಭಿಣಿಯಲ್ಲಿ ಅದು 0.5ರ ಆಸುಪಾಸಿನಲ್ಲಿರುತ್ತೆ. ಇಂಗ್ಲೆಂಡಿನ ಕಿಡ್ನಿ ತಜ್ಞರ ಸಂಘ 2019ರಲ್ಲಿ ಹೊರಡಿಸಿದ ಮಾರ್ಗಸೂಚಿ ಪ್ರಕಾರ ಗರ್ಭಿಣಿಯಲ್ಲಿ ಕ್ರಿಯಾಟಿನಿನ್ ಸುಮಾರು 0.87 ದಾಟಿದ್ರೆ ಅದು ಸರಿಯಿಲ್ಲ ಅಂತಲೇ ಲೆಕ್ಕ. ನನ್ನ ತಂಗಿಯದು 1.1. ಇರಬೇಕಾದ್ದಕ್ಕಿಂತ ಎರಡು ಪಟ್ಟು! ಆದ್ರೆ ಲ್ಯಾಬಿನ ಕಂಪ್ಯೂಟರಿಗೆ ಅವಳು ಬಸುರಿ ಅಂತ ಗೊತ್ತಿಲ್ಲ. ಅದು ನನಗೂ ನಿಮಗೂ ಅಚ್ಚು ಹಾಕೋ ಸಾಲನ್ನೇ ಅವಳಿಗೂ ಹಾಕ್ತು. ಕಂಪ್ಯೂಟರಿಗೆ ಗೊತ್ತಿಲ್ಲ ಬಿಡಿ... ಹೊಟ್ಟೆ ಮುಂದೆ ಮಾಡ್ಕೊಂಡು ಎದುರಿಗೇ ಕೂತಿದ್ದಾಗ ಕಾಗದ ನೋಡಿದವರಿಗೆ?

ಐದೂವರೆ ತಿಂಗಳಿಗೆ ಬಿಪಿ 160/100 ಆಯ್ತು. ಆಮೇಲೆ ಶುರುವಾಯ್ತು ನಮ್ಮ ಓಡಾಟ.

ಉತ್ತರ ಬೆಂಗಳೂರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆಗೆ ಹೋದ್ವಿ. ಹೆರಿಗೆ ಡಾಕ್ಟ್ರು ಎರಡನೇ ಮಹಡಿ, ಕಿಡ್ನಿ ಡಾಕ್ಟ್ರು ನಾಲ್ಕನೇ ಮಹಡಿ. ಇವರು ಬರೋದು ಬೆಳಿಗ್ಗೆ, ಅವರು ಸಂಜೆ. ಇವರು ಹೇಳಿದ್ರು "ಈ ಮಾತ್ರೆ ಮುಂದುವರಿಸಬಹುದಾ ಅಂತ ಕಿಡ್ನಿಯವರನ್ನ ಕೇಳ್ಕೊಂಡು ಬನ್ನಿ". ಅವರು ಹೇಳಿದ್ರು "ಮಗುವಿಗೆ ತೊಂದರೆ ಇಲ್ವಾ ಅಂತ ಗೈನಿಕ್‌ನವರನ್ನ ಕೇಳಿ". ಪ್ರತಿ ಸಲವೂ ಬೇರೆ ಫೀಸು, ಬೇರೆ ಟೋಕನ್. ನಾನು ಪ್ಲಾಸ್ಟಿಕ್ ಕವರಿನಲ್ಲಿ ರಿಪೋರ್ಟ್ ಹಿಡ್ಕೊಂಡು ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡ್ತಿದ್ದೆ. ಇಬ್ಬರು ದೊಡ್ಡ ಡಾಕ್ಟ್ರುಗಳ ಮಧ್ಯೆ ಪೋಸ್ಟ್‌ಮ್ಯಾನ್ ನಾನು, ಓದಿರೋದು ಬಿಕಾಂ. ಅವರ ಹತ್ತಿರ ಮೊಬೈಲ್ ಇತ್ತು, ಒಂದು ಫೋನ್ ಮಾಡಿದ್ರೆ ಎರಡು ನಿಮಿಷದ ಕೆಲಸ. ಮಾಡ್ಲಿಲ್ಲ.

ಕೊನೆಗೆ ಒಬ್ಬರು, ತಲೆ ಎತ್ತದೆ, "ತೆಗೆಸಿಬಿಡೋದು ಒಳ್ಳೇದು. ಇಷ್ಟೆಲ್ಲ ಇಟ್ಕೊಂಡು ಮಗು ಯಾಕೆ ಮಾಡ್ಕೊಂಡ್ರಿ?" ಅಂದ್ರು. ತಂಗಿ ಆಗ 23ನೇ ವಾರ. ಮಗು ಒದೀತಿತ್ತು. ಗರ್ಭಪಾತದ ಕಾನೂನು 2021ರಲ್ಲಿ ಸಡಿಲ ಆಗಿದೆ, ಕೆಲವು ವರ್ಗದ ಹೆಂಗಸರಿಗೆ 24 ವಾರದವರೆಗೆ ಅವಕಾಶ ಇದೆ, ಜೀವಕ್ಕೇ ಅಪಾಯ ಅಂದ್ರೆ ವಾರದ ಮಿತಿ ಇಲ್ಲ, ಎಲ್ಲ ಸರಿ. ಮುಂದುವರಿಸೋದೋ ಬೇಡವೋ ಅಂತ ಯೋಚಿಸೋ ಹಕ್ಕು ಅವಳದು. ಆದ್ರೆ ಒಂಬತ್ತನೇ ವಾರದಲ್ಲಿ ಕೂರಿಸಿ ಹೇಳಬೇಕಾದ ಮಾತನ್ನ 23ನೇ ವಾರದಲ್ಲಿ ನಿಲ್ಲಿಸಿ ಹೇಳಿದ್ರೆ ಅದಕ್ಕೆ ಸಲಹೆ ಅಂತಾರಾ?

ಇನ್ನು ದುಡ್ಡಿನ ಕಥೆ. ತಂಗಿ ಗಂಡ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಸಂಬಳ ಇಎಸ್‌ಐ ಮಿತಿಗಿಂತ ಒಂದಿಷ್ಟು ಜಾಸ್ತಿ, ಹಾಗಾಗಿ ಇಎಸ್‌ಐ ಇಲ್ಲ. ಬಿಪಿಎಲ್ ಕಾರ್ಡೂ ಇಲ್ಲ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡ 30ರಷ್ಟು ಅಂತ ಇಟ್ರು. ಒಳ್ಳೇದೇ. ಆದ್ರೆ ಅದು ಅಡ್ಮಿಟ್ ಆದ್ರೆ, ಆಪರೇಷನ್ ಆದ್ರೆ ಸಿಗೋ ದುಡ್ಡು. ಕಿಡ್ನಿ ಕಾಯಿಲೆ ಇರೋ ಬಸುರಿಗೆ ಬೇಕಾಗಿರೋದು ಎರಡು ವಾರಕ್ಕೊಮ್ಮೆ ಬಿಪಿ, ರಕ್ತ, ಮೂತ್ರ, ಆಗಾಗ ಸ್ಕ್ಯಾನಿಂಗ್, ಇಬ್ಬರು ಡಾಕ್ಟ್ರ ಓಪಿಡಿ. ಅದೆಲ್ಲ ಕೈಯಿಂದಲೇ. ಅಂದ್ರೆ ಹಾಳಾಗೋ ತನಕ ನೀವೇ ನೋಡ್ಕೊಳ್ಳಿ, ಹಾಳಾದ ಮೇಲೆ ನಾವು ಕೊಡ್ತೀವಿ ಅಂತ ತಾನೆ ಅರ್ಥ?

"ಸರ್ಕಾರಿ ಆಸ್ಪತ್ರೆಗೆ ಹೋಗಬೇಕಿತ್ತು" ಅನ್ನೋರಿಗೆ ಒಂದು ಮಾತು. ಸಿಟಿ ಮಾರ್ಕೆಟ್ ಹತ್ತಿರ ವಿಕ್ಟೋರಿಯಾ ಆವರಣದಲ್ಲಿ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆ ಇದೆ. ಹೆರಿಗೆಗೆ ವಾಣಿವಿಲಾಸ ಅಲ್ಲೇ ಪಕ್ಕದಲ್ಲಿ. ರಾಜ್ಯದ ಬಡವರ ಪಾಲಿಗೆ ದೊಡ್ಡ ಆಸರೆ ಅವು, ನನಗೆ ಗೌರವ ಇದೆ. ಆದ್ರೆ ಯಲಹಂಕದಿಂದ ಅಲ್ಲಿಗೆ ಹತ್ತಿರ ಹತ್ತಿರ 20 ಕಿಲೋಮೀಟರ್. ಬೆಳಿಗ್ಗೆ ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ಹೇಗೆ ಹೋಗುತ್ತೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮೆಜೆಸ್ಟಿಕ್‌ನಲ್ಲಿ ಇಳಿದು ಇನ್ನೊಂದು ಬಸ್ಸು. ಯಶವಂತಪುರದವರಿಗಾದ್ರೂ ಹಸಿರು ಮೆಟ್ರೋ ನೇರ ಮಾರ್ಕೆಟ್ಟಿಗೆ ಹೋಗುತ್ತೆ. ಆರ್.ಟಿ. ನಗರದವರು, ಯಲಹಂಕದವರು, ಅದರಾಚೆ ರಾಜಾನುಕುಂಟೆಯಿಂದ ಬರೋರು ಏನ್ ಮಾಡಬೇಕು? 2023ರ ಜೂನ್‌ನಿಂದ ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಬಸ್ಸು ಫ್ರೀ ಆಯ್ತು, ಸಂತೋಷ. ಟಿಕೆಟ್ ದುಡ್ಡು ಉಳೀತು. ಬಿಪಿ 160 ಇರೋ ಏಳು ತಿಂಗಳ ಬಸುರಿ ನಿಂತ್ಕೊಂಡು ಹೋಗೋ ಎರಡು ಗಂಟೆ ಉಳೀಲಿಲ್ಲ.

ನಮ್ಮ ಕಡೆ ಆಸ್ಪತ್ರೆಗಳಿಲ್ಲ ಅಂತ ನಾನು ಹೇಳ್ತಿಲ್ಲ. ಬಳ್ಳಾರಿ ರಸ್ತೆಯ ಎರಡೂ ಕಡೆ ನೋಡಿ, ಅಪಾರ್ಟ್‌ಮೆಂಟ್ ಬಿಟ್ರೆ ಆಸ್ಪತ್ರೆಗಳೇ. ಮಲ್ಲೇಶ್ವರದಲ್ಲಿ ಕೆ.ಸಿ. ಜನರಲ್ ಇದೆ, ಯಲಹಂಕದಲ್ಲಿ ಸಾರ್ವಜನಿಕ ಆಸ್ಪತ್ರೆ ಇದೆ, ಬಡಾವಣೆಗಳಲ್ಲಿ ನಮ್ಮ ಕ್ಲಿನಿಕ್‌ಗಳೂ ಬಂದಿವೆ. ಹೆರಿಗೆ ಡಾಕ್ಟ್ರಿದ್ದಾರೆ, ಕಿಡ್ನಿ ಡಾಕ್ಟ್ರೂ ಇದ್ದಾರೆ. ಆದ್ರೆ ನಾವು ಅಲೆದಷ್ಟು ದಿನವೂ ಹುಡುಕಿದ್ದು ಒಂದೇ ಒಂದು ಕೋಣೆ. ಇಬ್ಬರೂ ಒಂದೇ ಹೊತ್ತಿಗೆ ಕೂತು ಒಂದೇ ಬಸುರಿಯನ್ನ ನೋಡೋ ಕೋಣೆ. ಅದು ನಮಗೆ ಸಿಗಲಿಲ್ಲ.

"ಎಲ್ಲೋ ಒಂದೆರಡು ಕೇಸಿಗೆ ಇಷ್ಟೆಲ್ಲ ಯಾಕೆ?" ಅಂತ ಕೇಳ್ತಾರೆ. ಒಂದೆರಡಲ್ಲ. ಮುಂದುವರಿದ ದೇಶಗಳಲ್ಲಿ ಗರ್ಭಿಣಿಯರ ಪೈಕಿ ನೂರಕ್ಕೆ ಸುಮಾರು ಮೂವರಿಗೆ ಯಾವುದಾದರೊಂದು ಕಿಡ್ನಿ ಕಾಯಿಲೆ ಇರಬಹುದು ಅಂತ ಅಂದಾಜಿದೆ. ಬಹುತೇಕರದ್ದು ಶುರುವಿನ ಹಂತ, ಎಚ್ಚರಿಕೆಯಿಂದ ನೋಡ್ಕೊಂಡ್ರೆ ಹೆರಿಗೆ ಆಗಿ ಮಗುವೂ ಚೆನ್ನಾಗಿರುತ್ತೆ. ನಮ್ಮಲ್ಲಿ ಕಡಿಮೆ ಕಾಣೋದು ಕಾಯಿಲೆ ಕಡಿಮೆ ಇರೋದಕ್ಕಾ, ಇಲ್ಲಾ ನಾವು ನೋಡದೇ ಇರೋದಕ್ಕಾ? ಬಸುರಿಯರಿಗೆ ಮಾಡೋ ಮಾಮೂಲಿ ಟೆಸ್ಟುಗಳ ಪಟ್ಟಿ ನೋಡಿ. ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆ, ಎಚ್‌ಐವಿ, ಸಿಫಿಲಿಸ್, ಮೂತ್ರದಲ್ಲಿ ಆಲ್ಬುಮಿನ್. ಕ್ರಿಯಾಟಿನಿನ್ ಆ ಪಟ್ಟಿಯಲ್ಲಿಲ್ಲ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಪ್ರತಿ ತಿಂಗಳ 9ನೇ ತಾರೀಕು ಗರ್ಭಿಣಿಯರನ್ನ ಡಾಕ್ಟ್ರು ನೋಡಿ ಕಾರ್ಡಿಗೆ ಸ್ಟಿಕ್ಕರ್ ಹಚ್ಚಬೇಕು. ತೊಂದರೆ ಇಲ್ಲದಿದ್ರೆ ಹಸಿರು, ಅಪಾಯ ಇದ್ರೆ ಕೆಂಪು, ಬಸಿರಿನ ಬಿಪಿಗೆ ನೀಲಿ, ಸಕ್ಕರೆ ಕಾಯಿಲೆ ಥೈರಾಯ್ಡ್ ಥರದ್ದಕ್ಕೆ ಹಳದಿ. ಕಿಡ್ನಿಗೆ ಬೇರೆ ಬಣ್ಣ ಬೇಡ, ಕೆಂಪೇ ಸಾಕು. ಹಚ್ಚೋಕೆ ಮುಂಚೆ ಯಾರಾದ್ರೂ ಕಂಡುಹಿಡೀಬೇಕಲ್ಲ?

ಕಂಡುಹಿಡಿದು ಏನು ಪ್ರಯೋಜನ ಅಂತೀರಾ? ಒಂದು ಉದಾಹರಣೆ ಹೇಳ್ತೀನಿ. ಕಿಡ್ನಿ ಕಾಯಿಲೆ ಇರೋ ಬಸುರಿಯರಿಗೆ ಪ್ರೀಎಕ್ಲಾಂಪ್ಸಿಯಾ ಬರೋ ಸಾಧ್ಯತೆ ಕಡಿಮೆ ಮಾಡೋಕೆ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಡ್ತಾರೆ. (ಡಾಕ್ಟ್ರು ಹೇಳದೆ ಯಾರೂ ನುಂಗಬೇಡಿ.) ಅದನ್ನ ಸುಮಾರು 12ನೇ ವಾರದ ಹೊತ್ತಿಗೆ, ತಡ ಅಂದ್ರೂ 16ನೇ ವಾರದೊಳಗೆ ಶುರು ಮಾಡಿದ್ರೆ ಒಳ್ಳೇದು. ಕೆಲವು ಪೈಸೆಯ ಮಾತ್ರೆ ಅದು. ನನ್ನ ತಂಗಿಯ ಕಾಯಿಲೆಗೆ ಹೆಸರು ಸಿಕ್ಕಿದ್ದು 24ನೇ ವಾರದಲ್ಲಿ, ಪಟ್ಟು ಹಿಡಿದು ಹುಡುಕಿದ ಮೇಲೆ ಸಿಕ್ಕ ಒಬ್ಬ ವಯಸ್ಸಾದ ಡಾಕ್ಟ್ರಿಂದ. ಅಷ್ಟೊತ್ತಿಗೆ ಆ ಬಾಗಿಲು ಮುಚ್ಚಿತ್ತು.

ಅವಳಿಗೆ ಡಯಾಲಿಸಿಸ್ ತನಕ ಹೋಗ್ಲಿಲ್ಲ, ಪುಣ್ಯ. ಹೋಗಿದ್ರೆ? ಕೆನಡಾ ಮತ್ತು ಅಮೆರಿಕದ ಬಸುರಿಯರನ್ನ ಹೋಲಿಸಿ 2014ರಲ್ಲಿ ಒಂದು ಅಧ್ಯಯನ ಬಂತು. ವಾರಕ್ಕೆ 20 ಗಂಟೆ ಅಥವಾ ಅದಕ್ಕಿಂತ ಕಡಿಮೆ ಡಯಾಲಿಸಿಸ್ ಆದವರಲ್ಲಿ ಜೀವಂತ ಮಗು ಹುಟ್ಟಿದ್ದು ನೂರಕ್ಕೆ 48. ವಾರಕ್ಕೆ 36 ಗಂಟೆ ದಾಟಿದವರಲ್ಲಿ ನೂರಕ್ಕೆ 85. ನಮ್ಮಲ್ಲಿ ಮಾಮೂಲಿಯಾಗಿ ಸಿಗೋದು ವಾರಕ್ಕೆ ಎರಡೋ ಮೂರೋ ಸಲ, ಒಂದು ಸಲಕ್ಕೆ ನಾಲ್ಕು ಗಂಟೆ. ಅಂದ್ರೆ 8ರಿಂದ 12 ಗಂಟೆ. ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಶುರುವಾಗಿ ಬಡವರಿಗೆ ಯಂತ್ರ ಹತ್ತಿರ ಬಂತು, ನಿಜ. ಆದ್ರೆ ಬಸುರಿ ಬಂದ್ರೆ ಅವಳಿಗೆ ದಿನಾ ಯಂತ್ರ ಬಿಟ್ಟುಕೊಡಿ ಅನ್ನೋ ಲೆಕ್ಕ ಯಾರಾದ್ರೂ ಮಾಡಿದ್ದಾರಾ?

ಹುಟ್ಟಾ ಆರೋಗ್ಯವಾಗಿರೋರು ಕೂಡ ಇದು ನಮಗೆ ಸಂಬಂಧ ಇಲ್ಲ ಅಂದ್ಕೋಬೇಡಿ. ರಕ್ತಸ್ರಾವ, ನಂಜು, ಪ್ರೀಎಕ್ಲಾಂಪ್ಸಿಯಾ – ಇವು ಚೆನ್ನಾಗಿದ್ದ ಕಿಡ್ನಿಯನ್ನ ಹೆರಿಗೆ ದಿನವೇ ನಿಲ್ಲಿಸಬಹುದು. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಏನಾಯ್ತು? ಸಿಸೇರಿಯನ್ ಆದ ಬಾಣಂತಿಯರ ಕಿಡ್ನಿ ಕೆಲಸ ನಿಲ್ಲಿಸ್ತು, ಬೇರೆ ಅಂಗಗಳೂ ಕೈಕೊಟ್ವು, ಐದು ಜನ ತಾಯಂದಿರು ಹೋದ್ರು. ಹೊರಗಿನ ಕಂಪನಿಯೊಂದರಿಂದ ಬಂದ ಡ್ರಿಪ್ ಬಾಟಲಿಯ ಮೇಲೆ ಅನುಮಾನ ಬಂತು, ರಾಜ್ಯದ ಔಷಧ ನಿಯಂತ್ರಕರು ಅಮಾನತಾದ್ರು, ಪರಿಹಾರ ಘೋಷಣೆ ಆಯ್ತು. ಪೇಪರಿನವರು ಎರಡು ವಾರ ಬರೆದ್ರು. ಆಮೇಲೆ ಎಲ್ಲರೂ ಸುಮ್ಮನಾದ್ರು. 2018–20ರ ಸರ್ಕಾರಿ ಲೆಕ್ಕದಲ್ಲಿ ಲಕ್ಷ ಹೆರಿಗೆಗೆ ಸತ್ತ ತಾಯಂದಿರು ಕೇರಳದಲ್ಲಿ 19, ತೆಲಂಗಾಣ 43, ಆಂಧ್ರ 45, ತಮಿಳುನಾಡು 54, ಕರ್ನಾಟಕ 69. ದಕ್ಷಿಣದ ಐದರಲ್ಲಿ ನಾವೇ ಫಸ್ಟು. ಐಟಿ ರಾಜಧಾನಿ ಅಂತ ಬೋರ್ಡ್ ಬೇರೆ!

"ಕಾಯಿಲೆ ಇರೋಳು ಮಗು ಯಾಕೆ ಮಾಡ್ಕೊಂಡ್ಳು" ಅನ್ನೋರಿಗೆ ಇನ್ನೊಂದು ವಿಷಯ. ಅಮೆರಿಕದ ಈಡಿತ್ ಹೆಲ್ಮ್ ಅನ್ನೋ ಹೆಂಗಸು 1956ರಲ್ಲಿ ತನ್ನ ಅವಳಿ ಸೋದರಿಯ ಕಿಡ್ನಿ ಹಾಕಿಸ್ಕೊಂಡು 1958ರಲ್ಲಿ ಮಗು ಹೆತ್ರು. ಡಯಾಲಿಸಿಸ್ ಮೇಲಿದ್ದ ಹೆಂಗಸು ಹೆತ್ತಿದ್ದು ಇಟಲಿಯಲ್ಲಿ 1971ರಲ್ಲೇ ವರದಿಯಾಗಿದೆ. ಇದೇನು ಹೊಸ ಪವಾಡ ಅಲ್ಲ, ಅಜ್ಜಿ ಕಾಲದ್ದು. ಮತ್ತೆ ನಮ್ಮ ದೇಶದಲ್ಲಿ 2019ರಿಂದ 2023ರವರೆಗೆ ಬದುಕಿರುವಾಗಲೇ ಅಂಗ ದಾನ ಮಾಡಿದವರಲ್ಲಿ ನೂರಕ್ಕೆ ಸುಮಾರು 64 ಜನ ಹೆಂಗಸರು. ಗಂಡನಿಗೆ, ಮಗನಿಗೆ, ಅಣ್ಣನಿಗೆ ಕಿಡ್ನಿ ಕೊಡೋವಾಗ "ಯಾಕಮ್ಮ" ಅಂತ ಪಂಕ್ತಿಯಲ್ಲಿ ಕೂತು ಯಾರೂ ಕೇಳಲ್ಲ. ಅವಳಿಗೊಂದು ಮಗು ಬೇಕು ಅಂದಾಗ ಮಾತ್ರ ಎಲ್ಲರಿಗೂ ಬಾಯಿ ಬರುತ್ತೆ.

ಬೈದು ಸುಮ್ಮನಾಗೋದು ಬೇಡ. ಏನ್ ಬೇಕು ಅಂತ ಹೇಳ್ತೀನಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆ ಆಯ್ತು, ಉತ್ತರಕ್ಕೇ ಒಂದು ಬಂತು. ಬೋರ್ಡ್ ಬದಲಾಯಿಸಿದ್ದಾಯ್ತಲ್ಲ, ಇಷ್ಟು ಮಾಡಿ:

1. ಮೊದಲನೇ ಭೇಟಿಯಲ್ಲಿ ಆಲ್ಬುಮಿನ್ ಅಥವಾ ಬಿಪಿ ಕಂಡ ಪ್ರತಿ ಬಸುರಿಗೂ ಅವತ್ತೇ ಕ್ರಿಯಾಟಿನಿನ್ ಮಾಡಿ, ಪುಕ್ಕಟೆ.

2. ಬಸುರಿಯರ ರಿಪೋರ್ಟಿನಲ್ಲಿ ಬಸುರಿಯರ ಅಳತೆಯನ್ನೇ ಅಚ್ಚು ಹಾಕಿ. ಸರ್ಕಾರಿ ಲ್ಯಾಬಿರಲಿ, ಖಾಸಗಿ ಲ್ಯಾಬಿರಲಿ. ಇದಕ್ಕೆ ಕಟ್ಟಡ ಬೇಡ, ಟೆಂಡರ್ ಬೇಡ. ಒಂದು ಸಾಲು ಬದಲಾಯಿಸಿದ್ರೆ ಸಾಕು.

3. ಉತ್ತರ ಬೆಂಗಳೂರಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ವಾರಕ್ಕೆ ಒಂದೇ ಒಂದು ದಿನ, ಒಂದೇ ಕೋಣೆಯಲ್ಲಿ, ಹೆರಿಗೆ ಡಾಕ್ಟ್ರೂ ಕಿಡ್ನಿ ಡಾಕ್ಟ್ರೂ ಒಟ್ಟಿಗೆ ಕೂರಲಿ. ಕಾಯಂ ಕಿಡ್ನಿ ಡಾಕ್ಟ್ರಿಲ್ಲದಿದ್ರೆ ಮಾರ್ಕೆಟ್ಟಿಂದ ಒಬ್ಬರು ಬರಲಿ. ಒಬ್ಬ ಡಾಕ್ಟ್ರು ಇಲ್ಲಿಗೆ ಬರೋದು ಸುಲಭವೋ, ಇಪ್ಪತ್ತು ಜನ ಬಸುರಿಯರು ಅಲ್ಲಿಗೆ ಹೋಗೋದು ಸುಲಭವೋ?

4. ಇಂಥ ಬಸುರಿಯರ ಓಪಿಡಿ, ಟೆಸ್ಟು, ಹೆಚ್ಚುವರಿ ಡಯಾಲಿಸಿಸ್ ಎಲ್ಲ ಆರೋಗ್ಯ ಕರ್ನಾಟಕದೊಳಗೆ ಬರಲಿ. ಕಾರ್ಡಿನ ಬಣ್ಣ ಕೇಳಬೇಡಿ.

5. ಹೆರಿಗೆ ಆದ ಮೇಲೂ ಕರೆಯಿರಿ. ಬಾಣಂತನ ಮುಗಿದ ಮೇಲೆ ತಾಯಿ ಕಾರ್ಡ್ ಮಗುವಿನ ಲಸಿಕೆ ಕಾರ್ಡಾಗುತ್ತೆ. ಮಗುವಿಗೆ ಲಸಿಕೆ ತಪ್ಪಿದ್ರೆ ಆಶಾ ಅಕ್ಕ ಮನೆಗೇ ಬರ್ತಾರೆ. ತಾಯಿಯ ಕಿಡ್ನಿ ಏನಾಯ್ತು ಅಂತ ಕೇಳೋಕೆ ಯಾರೂ ಬರಲ್ಲ.

ತಂಗಿಗೆ 33ನೇ ವಾರಕ್ಕೆ ಸಿಸೇರಿಯನ್ ಆಯ್ತು. ಮಗು ಒಂದು ಕೆಜಿ ಆರುನೂರು ಗ್ರಾಂ. 18 ದಿನ ಗಾಜಿನ ಪೆಟ್ಟಿಗೆಯಲ್ಲಿದ್ದು ಮನೆಗೆ ಬಂತು. ಈಗ ಮನೆ ತುಂಬಾ ಓಡಾಡುತ್ತೆ, ನನ್ನ ಕನ್ನಡಕ ಮುರಿದು ಹಾಕಿದೆ. ತಂಗಿಯ ಕ್ರಿಯಾಟಿನಿನ್ ಈಗ 1.8. ಇದಕ್ಕೆ ಲ್ಯಾಬಿನ ಕಂಪ್ಯೂಟರೂ ದಪ್ಪ ಅಕ್ಷರದಲ್ಲಿ ಜಾಸ್ತಿ ಅಂತ ಹಾಕುತ್ತೆ.

ಮೊದಲೇ ಗೊತ್ತಾಗಿದ್ರೆ ಅವಳ ಕಿಡ್ನಿ ಪೂರ್ತಿ ಉಳೀತಿತ್ತು ಅಂತ ನಾನು ಹೇಳಲ್ಲ. ಉಳೀದೇನೂ ಇರಬಹುದಿತ್ತು. ಆದ್ರೆ ಅವಳು ಗೊತ್ತಿದ್ದು ಬಸಿರಾಗ್ತಿದ್ಲು, ಇಲ್ಲಾ ಗೊತ್ತಿದ್ದು ಬೇಡ ಅಂತಿದ್ಲು. ಆ ತೀರ್ಮಾನ ಅವಳದ್ದಾಗಿರ್ತಿತ್ತು.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಬಸುರಿ ಇದ್ರೆ ಇವತ್ತೇ ತಾಯಿ ಕಾರ್ಡ್ ತೆಗೆದು ನೋಡಿ. ಆಲ್ಬುಮಿನ್ ಮುಂದೆ ಪ್ಲಸ್ ಇದ್ಯಾ, ಬಿಪಿ ಎಷ್ಟಿದೆ. ಇದ್ರೆ ಡಾಕ್ಟ್ರನ್ನ ಒಂದೇ ಒಂದು ಪ್ರಶ್ನೆ ಕೇಳಿ: "ಕ್ರಿಯಾಟಿನಿನ್ ಎಷ್ಟು, ಬಸುರಿಗೆ ಎಷ್ಟಿರಬೇಕು?" ಬೈಸ್ಕೊಂಡ್ರೂ ಪರವಾಗಿಲ್ಲ, ಕೇಳಿ. ನಾವು ಕೇಳ್ಲಿಲ್ಲ. ಬಾದಾಮಿ ಹಾಲು ಕುಡಿದು ಮನೆಗೆ ಬಂದ್ವಿ.